ತಪ್ಪೇ ಮಾಡದ ಹುಡುಗಿ

ಶಿಕಾರಿಪುರ
೧೨ ಜುಲೈ ೨೦೨೫

ಸೊರಬದ ಮಹಾರಾಣಿ, ನನ್ನ ಒಬ್ಬಳೇ ತಂಗಿ ನಿರ್ಮಲೆಗೆ,

ಪರದೆ ಎದ್ದಿದೆ! ದೀಪ ಬೆಳಗಿದೆ! ನಿನ್ನ ಅಣ್ಣ ವೀರಬಸಪ್ಪ ಹದಿನೆಂಟು ವರ್ಷಗಳ ನಂತರ ಕಾಗದ ಬರೆಯಲು ಕೂತಿದ್ದಾನೆ. ಗೊಬ್ಬರದ ಅಂಗಡಿಯಲ್ಲಿ ರಸೀದಿ ಗೀಚಿ ಗೀಚಿ ಕೈ ಮೊಂಡಾಗಿದೆ, ಅಕ್ಷರ ನೋಡಿ ನಗಬೇಡ.

ಫೋನಿನಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಮಾತಿಗೆ ಇದೇನು ಕಾಗದ ಎಂದು ನಿಮ್ಮತ್ತಿಗೆ ಬೆಳಿಗ್ಗೆಯಿಂದ ಗೊಣಗುತ್ತಿದ್ದಾಳೆ. ಇದು ಶಿವಮೊಗ್ಗದ ಭಾಷಾ ಕೇಂದ್ರದ ಯತೀಶ ಮೇಷ್ಟ್ರ ಷರತ್ತು ಎಂದು ಅವಳಿಗೆ ಎಷ್ಟು ಸಲ ಹೇಳಲಿ? ಕನ್ನಡ ಕಲಿಯಲು ಹೊರದೇಶದಿಂದ ಬಂದ ಹುಡುಗಿಯರನ್ನು ಇಟ್ಟುಕೊಂಡ ಮನೆಯವರು ತಿಂಗಳಿಗೊಮ್ಮೆಯಾದರೂ ಒಬ್ಬರಿಗೊಬ್ಬರು ಕಾಗದ ಬರೆಯಬೇಕು. ಹುಡುಗಿ ಅದನ್ನು ತನ್ನ ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡು ತಾನೇ ಅಂಚೆಗೆ ಹಾಕಬೇಕು. ಮನೆಮಾತು ಕಾಗದದ ಮೇಲೆ ಹೇಗೆ ಕೂರುತ್ತದೆ ಎಂದು ಅವರಿಗೆ ಗೊತ್ತಾಗಲಿ ಅಂತ. ನಿನ್ನ ಮನೆಗೆ ಒಬ್ಬಳು, ನನ್ನ ಮನೆಗೆ ಒಬ್ಬಳು. ಅಣ್ಣ ತಂಗಿಯ ನಡುವೆ ಪಂದ್ಯ ಎಂದೇ ತಿಳಿ!

ಈಗ ಕೇಳು. ನನಗೆ ಸಿಕ್ಕವಳ ಹೆಸರು ಮಾರ್ತಾ. ಪೋಲೆಂಡಿನವಳು, ಇಪ್ಪತ್ತಾರು ವರ್ಷ. ನಾಲ್ಕು ವರ್ಷ ಅಲ್ಲಿಯೇ ಪುಸ್ತಕದಿಂದ ಕನ್ನಡ ಓದಿ ಬಂದಿದ್ದಾಳೆ. ಬಸ್ಸಿನಿಂದ ಇಳಿದವಳೇ ಕೈ ಮುಗಿದು ಏನಂದಳು ಗೊತ್ತಾ? “ತಮ್ಮ ದರ್ಶನದಿಂದ ನನಗೆ ಅತೀವ ಸಂತೋಷವಾಗಿದೆ. ಪ್ರಯಾಣವು ಸುಖಕರವಾಗಿತ್ತು.” ನಿರ್ಮಲಾ, ನನ್ನ ಮೈ ಜುಮ್ಮೆಂದಿತು! ಮೂವತ್ತು ವರ್ಷ ಈ ಊರ ರಂಗದ ಮೇಲೆ ರಾಜನಾಗಿ, ಸೇನಾಪತಿಯಾಗಿ ಗರ್ಜಿಸಿದವನು ನಾನು. ನಮ್ಮ ತಂಡ ಮುಚ್ಚಿದ ಮೇಲೆ ಆ ಕನ್ನಡವನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ನಾನೂ ಸುಮ್ಮನಿರುವವನೇ? ಎದೆಯುಬ್ಬಿಸಿ, “ಬಾ ಕುವರಿ! ಈ ಬಡ ಅರಮನೆಯು ನಿನ್ನದೆಂದೇ ಭಾವಿಸು!” ಎಂದೆ. ಇಡೀ ಬಸ್ ಸ್ಟ್ಯಾಂಡ್ ತಿರುಗಿ ನೋಡಿತು.

ಮೊದಲ ಪರೀಕ್ಷೆ ಆಯಿತು. ಬರಹಕ್ಕೆ ಐವತ್ತರಲ್ಲಿ ನಲವತ್ತೆಂಟು! ಮಾತಿಗೆ ಮಾತ್ರ ಹತ್ತೊಂಬತ್ತು ಕೊಟ್ಟಿದ್ದಾರೆ, ಪರೀಕ್ಷಕರ ಕಿವಿಯನ್ನು ಡಾಕ್ಟರಿಗೆ ತೋರಿಸಬೇಕು. ಇನ್ನೆರಡು ಪರೀಕ್ಷೆ ಇವೆ, ಸೆಪ್ಟೆಂಬರಿನಲ್ಲಿ ಒಂದು, ನವೆಂಬರಿನಲ್ಲಿ ಕೊನೆಯದು. ಅಷ್ಟರಲ್ಲಿ ಒಟ್ಟು ಅಂಕ ಹತ್ತಾದರೂ ಏರಿದವರಿಗೆ ಮಾತ್ರ ಎರಡನೇ ವರ್ಷ. ಏರದಿದ್ದರೆ ವಿಮಾನ ಹತ್ತಬೇಕು. ಅವಳ ಊರಿನ ಕನ್ನಡ ತರಗತಿ ಮುಚ್ಚಿಹೋಗಿದೆಯಂತೆ. ಇಲ್ಲಿಂದ ಹೊರಟರೆ ಅವಳ ನಾಲ್ಕು ವರ್ಷದ ಕನ್ನಡ ಅಲ್ಲಿಗೇ ಮುಗಿದಂತೆ. ಆದರೆ ನನ್ನ ಮನೆಯಲ್ಲಿದ್ದು ಏರದೇ ಇರುತ್ತದೆಯೇ?

ನಿನ್ನ ಹುಡುಗಿ ಹೇಗಿದ್ದಾಳೆ?

ನಿನ್ನ ಅಣ್ಣ,
ವೀರಬಸಪ್ಪ


ಸೊರಬ
೨೧ ಜುಲೈ ೨೦೨೫

ಅಣ್ಣನಿಗೆ,

ನಿನ್ನ ಕಾಗದ ಓದಿದೆ. ಅಕ್ಷರಕ್ಕೂ ಗಂಟಲಿರುತ್ತದೆ ಎಂದು ಇವತ್ತು ಗೊತ್ತಾಯಿತು. ಲಕೋಟೆ ಒಡೆದ ಕೂಡಲೇ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸಿತು.

ನನ್ನ ಪಾಲಿಗೆ ಬಂದವಳು ಇನೆಸ್. ಚಿಲಿ ದೇಶದವಳು. ನಾವೆಲ್ಲ ಇನಮ್ಮ ಎಂದು ಕರೆಯುತ್ತೇವೆ. ಆರು ವಾರ ಕನ್ನಡ ಕಲಿತು ಬಂದಿದ್ದಾಳೆ, ಅಂದರೆ ಏನೂ ಕಲಿತಿಲ್ಲ. ಮೊದಲ ದಿನ ಊಟಕ್ಕೆ ಕೂತು, “ನಾನು ಅನ್ನ. ನೀನು ಸಾರು” ಎಂದಳು. ಸೊಸೆ ಶರಣ್ಯ ನಕ್ಕು ನಕ್ಕು ಕೈಯಲ್ಲಿದ್ದ ಸೌಟು ಬೀಳಿಸಿದಳು. “ನೀನು ಅನ್ನ ಆದ್ರೆ ನಿನ್ನನ್ನೇ ಉಣ್ತೀವಿ ಕಣೇ! ನನಗೆ ಅನ್ನ ಬೇಕು ಅನ್ನು” ಅಂದಳು. ಇನಮ್ಮ ಅದನ್ನೇ ಹನ್ನೆರಡು ಸಲ ಹೇಳಿ, ಹನ್ನೆರಡು ಸಲವೂ ಅನ್ನ ಹಾಕಿಸಿಕೊಂಡಳು.

ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಎರಡೂ ಸೇರಿ ನೂರಕ್ಕೆ ಒಂಬತ್ತು. ಪಂದ್ಯ ಎಂದೆಯಲ್ಲ, ಗೆದ್ದೆ ಎಂದುಕೊಂಡು ಮಲಗು.

ಒಂದೇ ಸಮಾಧಾನ. ಇವಳ ಬಗ್ಗೆ ಏನು ಬರೆದರೂ ಇವಳಿಗೆ ಅರ್ಥವಾಗುವುದಿಲ್ಲ. ಈಗ ಪಕ್ಕದಲ್ಲೇ ಕೂತು, ನಾಲಿಗೆ ಕಚ್ಚಿಕೊಂಡು, ಚಿತ್ರ ಬರೆದ ಹಾಗೆ ನಕಲು ಮಾಡುತ್ತಿದ್ದಾಳೆ. ಪಾಪ, ಒಳ್ಳೆಯ ಹುಡುಗಿ.

ನಿರ್ಮಲಾ


ಶಿಕಾರಿಪುರ
೧೬ ಆಗಸ್ಟ್ ೨೦೨೫

ತಂಗಿ,

ನಿನ್ನೆ ತಾಳಗುಂದದಲ್ಲಿ ನಡೆದದ್ದನ್ನು ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ!

ಮಾರ್ತಾಳಿಗೆ ಶಾಸನ ತೋರಿಸಲು ಕರೆದುಕೊಂಡು ಹೋಗಿದ್ದೆ. ಕಲ್ಲಿನ ಮುಂದೆ ನಿಂತವಳು ಅರ್ಧ ಗಂಟೆ ಅಲುಗಲಿಲ್ಲ. ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದಳು. ನಾನೂ ಪಕ್ಕದಲ್ಲೇ ನಿಂತಿದ್ದೆ. ಈ ಊರಲ್ಲಿ ಹುಟ್ಟಿ ಅರವತ್ತೆರಡು ವರ್ಷವಾದರೂ ನಾನು ಆ ಕಲ್ಲನ್ನು ಅಷ್ಟು ಹೊತ್ತು ನೋಡಿರಲಿಲ್ಲ.

ಹಿಂದಿರುಗುವಾಗ ಮೆಕ್ಕೆಜೋಳದ ಹೊಲದ ಬದುವಿನಲ್ಲಿ ಹೆಣ್ಣಾಳುಗಳು ಕಳೆ ತೆಗೆದು ದಣಿದು ಕೂತಿದ್ದರು. ಒಬ್ಬಾಕೆ ಇವಳನ್ನು ನೋಡಿ, “ಎಲ್ಲಿಂದ ಬಂದೀಯವ್ವ? ಬಿಸಿಲಾಗ ಮಕ ಕೆಂಪಗಾಗೈತಲ್ಲ, ಒಂದೀಟು ಕುಂತು ನೀರು ಕುಡ್ಕಂಡು ಹೋಗು” ಎಂದಳು. ಮಾರ್ತಾ ನನ್ನ ಮುಖ ನೋಡಿದಳು. ನಾನು ಕೈ ಚಾಚಿ, ಧ್ವನಿ ಏರಿಸಿ, “ಕುವರಿ, ಈ ತಾಯಿಯು ನಿನ್ನ ಬಳಲಿಕೆಯನ್ನು ಕಂಡು ಜಲಪಾನ ಮಾಡೆಂದು ಬೇಡುತ್ತಿರುವಳು!” ಎಂದು ತಿಳಿಸಿದೆ. ಮಾರ್ತಾ ಕೈ ಮುಗಿದು, “ತಮ್ಮ ಔದಾರ್ಯಕ್ಕೆ ನಾನು ಋಣಿಯಾಗಿದ್ದೇನೆ” ಎಂದಳು. ಆ ಹೆಂಗಸರು ತಟ್ಟನೆ ಎದ್ದು ನಿಂತು ಸೆರಗು ಸರಿಮಾಡಿಕೊಂಡರು, ನೋಡು! ಒಬ್ಬರೂ ಮತ್ತೆ ಮಾತಾಡಲಿಲ್ಲ. ಅಷ್ಟು ಗೌರವ! ನೀರು ಕೊಟ್ಟು ದೂರ ಸರಿದು ನಿಂತರು.

ಹೊಲದಿಂದ ರಸ್ತೆಯವರೆಗೆ ಹೀಗೆಯೇ ಮೂರು ಕಡೆ ನಡೆಯಿತು. ಜನ ಮಾತಾಡಿದರು, ನಾನು ಅವಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿದೆ, ಅವಳು ಉತ್ತರ ಕೊಟ್ಟಳು, ಜನ ಕೈ ಮುಗಿದರು. ನಾನಿಲ್ಲದೆ ಅವಳಿಗೆ ದಾರಿ ಸಾಗದು ನಿರ್ಮಲಾ!

ಮನೆಯಲ್ಲಿಯೂ ಹಾಗೆಯೇ. ಸಂಜೆ ಅಂಗಡಿ ಮುಚ್ಚಿ ಬಂದ ಕೂಡಲೇ ಜಗಲಿಯ ಮೇಲೆ ನಮ್ಮಿಬ್ಬರ ಸಂಭಾಷಣೆ. ಹಳೆಯ ನಾಟಕಗಳ ಮಾತನ್ನು ನಾನು ಒಂದು ತುದಿಯಿಂದ ಹಿಡಿದರೆ ಅವಳು ಇನ್ನೊಂದು ತುದಿಯಿಂದ ಹಿಡಿಯುತ್ತಾಳೆ. ನನ್ನ ಮಕ್ಕಳು ಒಂದು ದಿನವಾದರೂ ಹೀಗೆ ಕೂತು ಕೇಳಿದ್ದುಂಟೇ? “ಅಪ್ಪಾಜಿ ಶುರು ಹಚ್ಕಂಡ್ರು” ಎಂದು ಒಳಗೆ ಓಡುತ್ತಿದ್ದರು.

ಒಂದೇ ಒಂದು ಅಕ್ಷರ ತಪ್ಪಿಲ್ಲ ಅವಳ ಮಾತಿನಲ್ಲಿ. ಒಂದೇ ಒಂದು!

ವೀರಬಸಪ್ಪ


ಸೊರಬ
೨೪ ಆಗಸ್ಟ್ ೨೦೨೫

ಅಣ್ಣ,

ತಾಳಗುಂದದ ಪ್ರಸಂಗವನ್ನು ಎರಡು ಸಲ ಓದಿದೆ. ಮೊದಲ ಸಲ ನಗು ಬಂತು. ಎರಡನೇ ಸಲ ನಗು ಬರಲಿಲ್ಲ. ಕನ್ನಡದವರಿಗೂ ಕನ್ನಡ ಬಲ್ಲವಳಿಗೂ ನಡುವೆ ನೀನು ದುಭಾಷಿಯಾಗಿ ನಿಂತಿದ್ದೀಯಲ್ಲ, ಇದು ನಿನಗೆ ವಿಚಿತ್ರ ಅನ್ನಿಸಲಿಲ್ಲವೇ?

ನನಗೊಂದು ಕುತೂಹಲ ಹುಟ್ಟಿದೆ. ನಮ್ಮ ಇನಮ್ಮ ಏನೂ ಇಲ್ಲದೆ ಬಂದವಳು. ಈಗ ಹಾಲಿನವನ ಹತ್ತಿರ, “ನಿನ್ನೆ ಹಾಲು ನೀರು ಇತ್ತು ಮಾರಾಯ!” ಎಂದು ಜಗಳ ಆಡುತ್ತಾಳೆ. ಇದು ಎಲ್ಲಿಂದ ಬಂತು? ಪುಸ್ತಕ ಅವಳು ಮುಟ್ಟುವುದೇ ಇಲ್ಲ. ಅದನ್ನು ಪತ್ತೆ ಮಾಡಲು ಒಂದು ಕೆಲಸ ಮಾಡಿದೆ. ಅಡಿಗೆಮನೆಯ ಕಿಟಕಿಯಲ್ಲಿ ಒಂದು ಸ್ಟೀಲ್ ಲೋಟ ಇಟ್ಟೆ. ಯಾರಾದರೂ ಅವಳ ಮಾತು ತಿದ್ದಿದರೆ ಅದಕ್ಕೊಂದು ಹುಣಸೆ ಬೀಜ ಹಾಕು ಎಂದು ಎಲ್ಲರಿಗೂ ಹೇಳಿದೆ. ಸೋಮವಾರ ಇಟ್ಟ ಲೋಟ ಬುಧವಾರ ಮಧ್ಯಾಹ್ನಕ್ಕೆ ತುಂಬಿತು! ಶರಣ್ಯಳೇ ಅರ್ಧ ತುಂಬಿಸಿದ್ದಾಳೆ. ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ತಿದ್ದಿ, “ಒಂದು ಬೀಜ ಹಾಕ್ರೀ ನಮ್ ಲೆಕ್ಕಕ್ಕೆ” ಎನ್ನುತ್ತಾರೆ.

ನೀನೂ ಒಂದು ಲೋಟ ಇಟ್ಟು ನೋಡು. ಒಂದು ವಾರ ಸಾಕು. ಎಷ್ಟು ಬೀಜ ಬಿದ್ದವು ಎಂದು ಬರೆ.

ನಿರ್ಮಲಾ


ಶಿಕಾರಿಪುರ
೨೦ ಸೆಪ್ಟೆಂಬರ್ ೨೦೨೫

ನಿರ್ಮಲಾ,

ಅನ್ಯಾಯ! ಘೋರ ಅನ್ಯಾಯ!

ಎರಡನೇ ಪರೀಕ್ಷೆಯ ಅಂಕ ಬಂದಿದೆ. ಬರಹಕ್ಕೆ ನಲವತ್ತೆಂಟು, ಮಾತಿಗೆ ಹತ್ತೊಂಬತ್ತು. ಅದೇ ಅರವತ್ತೇಳು! ಎರಡು ತಿಂಗಳು ಈ ನೆಲದ ನೀರು ಕುಡಿದು, ನನ್ನಂಥವನ ಜೊತೆ ದಿನವೂ ಸಂಭಾಷಿಸಿ, ಒಂದಂಕ ಕೂಡ ಏರಿಲ್ಲವೆಂದರೆ ತಕ್ಕಡಿಯೇ ಸುಳ್ಳು. ಯತೀಶ ಮೇಷ್ಟ್ರಿಗೆ ಫೋನ್ ಮಾಡಿ ಗುಡುಗಿದೆ. ಆ ಮನುಷ್ಯ ತಣ್ಣಗೆ, “ವೀರಬಸಪ್ಪನವರೇ, ಆಕೆಯ ವ್ಯಾಕರಣ ಎಲ್ಲಾ ಪುಸ್ತಕದಲ್ಲೇ ನಿಂತಿದೆ. ಬಾಯಿಗೆ ಇಳಿದಿಲ್ಲ. ಕಡಿಮೆ ಗೊತ್ತಿದ್ದವರು ಇಲ್ಲಿ ಬೇಗ ಕಲೀತಾರೆ, ಹೆಚ್ಚು ಗೊತ್ತಿದ್ದವರು ಕೆಲವರು ನಿಂತುಬಿಡ್ತಾರೆ. ಯಾಕೆ ಅಂತ ನಮಗೂ ಕುತೂಹಲ” ಎಂದರು. ಕುತೂಹಲವಂತೆ!

ಮಾತಿನ ಪರೀಕ್ಷೆ ದರ್ಜಿ ಶೇಷಪ್ಪನ ಅಂಗಡಿಯಲ್ಲಿ ಇತ್ತು. ಗುರುತಿಲ್ಲದವರ ಜೊತೆ ಹದಿನೈದು ನಿಮಿಷ ಮಾತಾಡಬೇಕು, ಪರೀಕ್ಷಕರು ದೂರ ನಿಂತು ಕೇಳುತ್ತಾರೆ. ಮಾರ್ತಾ, “ಈ ವಸ್ತ್ರವನ್ನು ತಾವು ಹೊಲಿದು ಕೊಡುವಿರಾ?” ಎಂದಳಂತೆ. ಶೇಷಪ್ಪ ಕತ್ತರಿ ಕೆಳಗಿಟ್ಟು, ಎದ್ದು ನಿಂತು, “ಕೊಡ್ತೀವ್ರಿ” ಎಂದನಂತೆ. ಅಷ್ಟೇ. ಉಳಿದ ಹದಿನಾಲ್ಕು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತಿದ್ದರಂತೆ. ತಪ್ಪು ಶೇಷಪ್ಪನದು!

ಮಾರ್ತಾ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. “ನಾನು ಎಲ್ಲಿ ಎಡವುತ್ತಿದ್ದೇನೆ ಎಂದು ಯಾರೂ ಹೇಳುತ್ತಿಲ್ಲ” ಎಂದಳು. ಎಡವಿದರೆ ತಾನೇ ಹೇಳುವುದು?

ನಿನ್ನ ಲೋಟದ ವಿಚಾರ. ಇಟ್ಟಿದ್ದೆ. ಎರಡನೇ ದಿನವೇ ನಿಮ್ಮತ್ತಿಗೆ ಅದನ್ನು ಮಜ್ಜಿಗೆಗೆ ತೆಗೆದುಕೊಂಡುಬಿಟ್ಟಳು. ಹಾಗಾಗಿ ಲೆಕ್ಕ ಸಿಗಲಿಲ್ಲ.

ನಿನ್ನ ಇನಮ್ಮನಿಗೆ ಒಂಬತ್ತರಿಂದ ಮೂವತ್ತೆಂಟಂತೆ. ಕೇಳಿದೆ. ಸಂತೋಷ.

ವೀರಬಸಪ್ಪ


ಸೊರಬ
೨೬ ಸೆಪ್ಟೆಂಬರ್ ೨೦೨೫

ಅಣ್ಣ,

ಅತ್ತಿಗೆಗೆ ಫೋನ್ ಮಾಡಿದ್ದೆ. ಲೋಟ ಒಂಬತ್ತು ದಿನ ಕಿಟಕಿಯಲ್ಲೇ ಇತ್ತಂತೆ. ಒಂದು ಬೀಜವೂ ಬೀಳಲಿಲ್ಲವಂತೆ. ಅದಕ್ಕೇ ಕೊನೆಗೆ ಅವರು ಮಜ್ಜಿಗೆಗೆ ತೆಗೆದುಕೊಂಡದ್ದು.

ನೇರ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಅವಳು ಪುಸ್ತಕದ ಕನ್ನಡ ಆಡುತ್ತಾಳೆ, ನೀನು ಅದಕ್ಕೆ ನಾಟಕದ ಕನ್ನಡದಲ್ಲಿ ಉತ್ತರ ಕೊಡುತ್ತೀಯ. ಊರಿನವರು ಮಾತಾಡಿದರೆ ಅದನ್ನೂ ನಾಟಕ ಮಾಡಿ ಅವಳ ಕೈಗೆ ಕೊಡುತ್ತೀಯ. ಅವಳು ತಪ್ಪು ಮಾಡುವುದಾದರೂ ಎಲ್ಲಿ? ಇನಮ್ಮನನ್ನು ಬೀದಿಗೆ ಬೀದಿಯೇ ತಿದ್ದುತ್ತದೆ. ನಿನ್ನ ಮಾರ್ತಾಳಿಗೆ ಬೀದಿಗೆ ಬೀದಿಯೇ ಕೈ ಮುಗಿಯುತ್ತದೆ. ಕೈ ಮುಗಿದವರು ಏನು ಕಲಿಸುತ್ತಾರೆ?

ಇನ್ನೊಂದು ಮಾತು. ಮೂವತ್ತು ವರ್ಷ ರಾಜನಾಗಿ ಮೆರೆದವನು ನೀನು. ಹತ್ತು ವರ್ಷದಿಂದ ಯಾರೂ ಕೇಳುವವರಿಲ್ಲ. ಈಗ ಒಬ್ಬಳು ಸಿಕ್ಕಿದ್ದಾಳೆ. ನನಗೆ ಅರ್ಥವಾಗುತ್ತದೆ ಅಣ್ಣ. ಆದರೆ ನಿನ್ನ ಸಂಜೆಗಳಿಗಾಗಿ ಆ ಹುಡುಗಿಯ ವರ್ಷ ಹೋಗಬಾರದು.

ಅವಳನ್ನು ಇಲ್ಲಿಗೆ ಕಳಿಸು. ನವೆಂಬರ್ ಕೊನೆಗೆ ಇನ್ನೂ ಎರಡು ತಿಂಗಳಿದೆ. ನಮ್ಮ ಮನೆಯಲ್ಲಿ ಯಾರಿಗೂ ಅಷ್ಟು ಗೌರವ ಕೊಡುವ ಅಭ್ಯಾಸವಿಲ್ಲ. ಈ ಕಾಗದವನ್ನು ಅವಳಿಗೂ ಓದಲು ಕೊಡು. ಅವಳೇ ತೀರ್ಮಾನಿಸಲಿ.

ನಿರ್ಮಲಾ


ಶಿಕಾರಿಪುರ
೧೨ ಅಕ್ಟೋಬರ್ ೨೦೨೫

ತಂಗಿ,

ಈ ಸಲದ ಕಾಗದವನ್ನು ನಾನೇ ಅಂಚೆಗೆ ಹಾಕುತ್ತಿದ್ದೇನೆ. ಮಾರ್ತಾಳಿಗೆ ಓದಿನ ಒತ್ತಡ, ನಕಲಿಗೆ ಕೊಟ್ಟಿಲ್ಲ.

ನೀನು ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ ಎಂದು ಒಪ್ಪಿಕೊಂಡೆ. ಹಾಗಾಗಿ ಇಲ್ಲಿಯೇ ಸರಿಪಡಿಸಲು ಹೊರಟೆ. ಇಡೀ ಪೇಟೆ ಸುತ್ತಿದೆ! ಹಿಟ್ಟಿನ ಗಿರಣಿ, ಕಿರಾಣಿ ಅಂಗಡಿ, ದರ್ಜಿ ಶೇಷಪ್ಪ, ಎಲ್ಲರಿಗೂ, “ನಮ್ಮ ಹುಡುಗಿ ಬಂದ್ರೆ ಒರಟಾಗೇ ಮಾತಾಡ್ರಿ, ತಿದ್ರಿ, ಬೇಕಾದ್ರೆ ಬೈಯ್ರಿ” ಎಂದು ಕೇಳಿಕೊಂಡೆ.

ಶೇಷಪ್ಪ ಏನಂದ ಗೊತ್ತಾ? “ಹೆಂಗ್ ಬೈಯ್ಲಿ ರೀ ವೀರಬಸಪ್ನೋರೆ? ಆಕಿ ಬಾಯಿ ತೆಗೆದ್ರೆ ರೇಡಿಯೋ ಹಚ್ಚಿದಂಗೈತಿ. ರೇಡಿಯೋಕ್ಕೆ ಯಾರಾದ್ರೂ ಬೈತಾರೇನ್ರೀ?”

ಗಿರಣಿಯಾಕೆ ನಾಲ್ಕು ದಿನ ಅಭ್ಯಾಸ ಮಾಡಿದಳಂತೆ. ಮಾರ್ತಾ ಹೋಗಿ, “ಈ ಗೋಧಿಯನ್ನು ನುಣ್ಣಗೆ ಬೀಸಿಕೊಡುವಿರಾ?” ಎಂದಾಗ ಆಕೆ ಸೊಂಟಕ್ಕೆ ಕೈಯಿಟ್ಟು, “ಏ...” ಎಂದಳು. ಅಲ್ಲಿಗೆ ನಾಲಿಗೆ ನಿಂತಿತು. “ಏ... ಬರ್ರಿ, ಕುತ್ಕೊಳ್ರಿ, ಚಾ ಕುಡೀತೀರೇನ್ರೀ” ಎಂದುಬಿಟ್ಟಳು.

ನಿಮ್ಮತ್ತಿಗೆಗೂ ಹೇಳಿದೆ. “ನಂಗಾಗಲ್ಲ. ಮೂವತ್ತೈದು ವರ್ಷ ನಿಮಗೆ ಬೈದೀನಿ, ಅದು ಬ್ಯಾರೆ” ಎಂದಳು.

ಸೊರಬಕ್ಕೆ ಹೋಗುವ ವಿಚಾರ ಮಾರ್ತಾಳಿಗೆ ತಿಳಿಸಿದೆ. ಅವಳು ಇಲ್ಲಿಯೇ ಇರಲು ಇಷ್ಟಪಟ್ಟಿದ್ದಾಳೆ. ನಾನೇನು ಮಾಡಲಿ? ಬಲವಂತ ಮಾಡಲಾಗುತ್ತದೆಯೇ? ಸಂಜೆ ಜಗಲಿಯಲ್ಲಿ ಮಾತು ಮುಂದುವರಿದಿದೆ. ಆದರೆ ಅವಳು ಮೊದಲಿನಂತೆ ನಗುವುದಿಲ್ಲ. ಚಳಿ ಶುರುವಾಗಿದೆ, ಗಂಟಲು ಕೆಟ್ಟಿರಬೇಕು.

ವೀರಬಸಪ್ಪ


ಸೊರಬ
೧೬ ಅಕ್ಟೋಬರ್ ೨೦೨೫

ಅಣ್ಣ,

ಇದನ್ನು ನಾನೂ ನಕಲಿಗೆ ಕೊಟ್ಟಿಲ್ಲ.

ನನ್ನದೊಂದು ತಪ್ಪು ಮೊದಲು ಹೇಳುತ್ತೇನೆ. ಇನಮ್ಮನಿಗೆ ಕಾಗದ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ. ಅವಳಿಗೆ ಆಗಸ್ಟಿನಿಂದಲೇ ಅರ್ಥವಾಗುತ್ತಿದೆ. ನಿನ್ನೆ ಬಟ್ಟೆ ಒಣಗಿಸುತ್ತ, “ಅಮ್ಮಾ, ನೀನು ನನ್ನ ಪಾಪ ಅಂದೆ ಕಾಗದ. ಒಳ್ಳೆಯ ಹುಡುಗಿನೂ ಅಂದೆ. ಎರಡು ಬರೆದೆ ನಾನು” ಎಂದಳು. ಮುಖ ಎಲ್ಲಿಡಲಿ ಹೇಳು.

ಸೆಪ್ಟೆಂಬರಿನ ನನ್ನ ಕಾಗದವನ್ನು ನಕಲು ಮಾಡಿ ನಿನಗೆ ಕಳಿಸಿದವಳೂ ಇವಳೇ. ಅದು ಇವಳ ನೋಟ್‌ಬುಕ್ಕಿನಲ್ಲಿದೆ. ಅಕ್ಟೋಬರ್ ಐದಕ್ಕೆ ಶಿವಮೊಗ್ಗದ ತರಗತಿಯಲ್ಲಿ ಇಬ್ಬರೂ ಸಿಕ್ಕಾಗ ಮಾರ್ತಾ ಅದನ್ನು ಪೂರ್ತಿ ಓದಿದ್ದಾಳೆ. ನಿನ್ನ ಸಂಜೆಗಳ ಮಾತೂ ಸೇರಿ.

ಹನ್ನೆರಡನೇ ತಾರೀಖಿನ ಕಾಗದದಲ್ಲಿ ನೀನು, “ತಿಳಿಸಿದೆ, ಅವಳೇ ಬೇಡವೆಂದಳು” ಎಂದು ಬರೆದೆ. ನೀನು ತಿಳಿಸಿಲ್ಲ ಅಣ್ಣ. ಅವಳು ಇನಮ್ಮನಿಗೆ ಹೇಳಿದ್ದು ಇಷ್ಟು: “ಅವರು ನನ್ನನ್ನು ಮಗಳಂತೆ ನೋಡಿಕೊಂಡಿದ್ದಾರೆ. ನಾನಾಗಿ ಕೇಳಿದರೆ ಅವರಿಗೆ ನೋವಾಗುತ್ತದೆ. ಅವರಾಗಿಯೇ ಹೇಳಲಿ ಎಂದು ಕಾಯುತ್ತಿದ್ದೇನೆ.”

ಇವತ್ತಿಗೆ ಹನ್ನೊಂದು ದಿನ ಕಾದಿದ್ದಾಳೆ.

ನಿರ್ಮಲಾ


ಶಿಕಾರಿಪುರ
೧೮ ಅಕ್ಟೋಬರ್ ೨೦೨೫

ನಿರ್ಮಲಾ,

ನಾಳೆ ಭಾನುವಾರ ಬೆಳಗಿನ ಬಸ್ಸಿಗೆ ಕರೆದುಕೊಂಡು ಬರುತ್ತೇನೆ. ಈ ಕಾಗದ ನನಗಿಂತ ತಡವಾಗಿ ಬರಬಹುದು. ಆದರೂ ಬರೆಯಬೇಕೆನ್ನಿಸಿತು. ಎದುರು ಸಿಕ್ಕಾಗ ಹೇಳಲಾರೆ.

ಇವತ್ತು ತಿಂಡಿಗೆ ಕೂತಾಗ ಹೇಳಿದೆ. ಧ್ವನಿ ಎತ್ತಲಿಲ್ಲ. ನಿಮ್ಮತ್ತಿಗೆಯ ಹತ್ತಿರ ಮಾತಾಡುವ ಹಾಗೆಯೇ, “ಸೊರಬದಾಗ ನಿರ್ಮಲಾನ ಮನಿಗೆ ಹೋಗ್ತೀಯೇನವ್ವ?” ಎಂದೆ. ಅವಳಿಗೆ ತಕ್ಷಣ ತಿಳಿಯಲಿಲ್ಲ. ಇನ್ನೊಮ್ಮೆ ಹೇಳಿ ಎಂದಳು. ಹೇಳಿದೆ. ಮೂರು ತಿಂಗಳಲ್ಲಿ ನಾನು ಅವಳಿಗೆ ಆಡಿದ ಮೊದಲ ಮನೆಮಾತು ಅದು. ಅವಳನ್ನು ಮನೆಯಿಂದ ಕಳಿಸುವ ಮಾತು.

ತಟ್ಟೆ ಬದಿಗೆ ಸರಿಸಿದಳು. ಆಮೇಲೆ, “ತಮಗೆ ಬೇಸರವಿಲ್ಲವೇ?” ಎಂದಳು.

“ಐತಿ” ಎಂದೆ.

ಅದು ಅವಳಿಗೆ ಒಂದೇ ಸಲಕ್ಕೆ ತಿಳಿಯಿತು.

ಅಣ್ಣ


ಸೊರಬ
೨೯ ನವೆಂಬರ್ ೨೦೨೫

ಅಣ್ಣ,

ನೀನು ಪರೀಕ್ಷೆಗೆ ಬರುತ್ತೇನೆಂದು ಫೋನ್ ಮಾಡಿದಾಗ ಬೇಡವೇ ಬೇಡ ಎಂದು ಗದರಿಸಿದ್ದೆ. ನೀನು ಕಣ್ಣಿಗೆ ಬಿದ್ದರೆ ಅವಳು ಮತ್ತೆ ಪುಸ್ತಕಕ್ಕೆ ಹೋಗಿಬಿಡುತ್ತಾಳೆ ಎಂಬ ಹೆದರಿಕೆ ನನಗೆ. ನೀನು ಮಾತು ಕೇಳಿದ್ದಕ್ಕೆ ಪೂರ್ತಿ ವಿವರವಾಗಿ ಬರೆಯುತ್ತೇನೆ.

ಇಲ್ಲಿ ಮೊದಲ ಎರಡು ವಾರ ಅವಳಿಗೆ ನರಕ. ಶರಣ್ಯ, “ಏ, ಸಿಂಕ್ ಹತ್ರ ಜಾರ್ತದೆ, ಆಕಡೆಯಿಂದ ಬಾರೇ” ಎಂದರೆ ಕಣ್ಣು ಕಣ್ಣು ಬಿಡುತ್ತಿದ್ದಳು. ಸರಿಯಾಗಿ ಹೇಳಲು ಹೊರಟು ಅರ್ಧ ವಾಕ್ಯಕ್ಕೇ ನಿಲ್ಲುತ್ತಿದ್ದಳು. ಅವಳು ಮುಗಿಸುವಷ್ಟರಲ್ಲಿ ನಾವು ಬೇರೆ ಸುದ್ದಿಗೆ ಹೋಗಿರುತ್ತಿದ್ದೆವು. ಒಂದು ದಿನ ಸಿಟ್ಟು ಬಂದು, “ಸ್ವಲ್ಪ ನಿಲ್ರೇ! ನಾನೂ ಹೇಳ್ಬೇಕು!” ಎಂದು ಕೂಗಿದಳು. ಮನೆಯವರೆಲ್ಲ ಚಪ್ಪಾಳೆ ಹೊಡೆದೆವು. ಅಲ್ಲಿಂದ ನೀರು ಹರಿಯಿತು. ಆಶ್ಚರ್ಯವೆಂದರೆ, ಒಮ್ಮೆ ಶುರುವಾದ ಮೇಲೆ ಅವಳು ಕಲಿತ ವೇಗ ಇನಮ್ಮನಿಗೂ ಇರಲಿಲ್ಲ. ಒಳಗೆ ಎಲ್ಲಾ ಜೋಡಿಸಿಟ್ಟುಕೊಂಡು ಬಂದಿದ್ದಳಲ್ಲ, ಬಾಗಿಲು ತೆಗೆಯುವುದಷ್ಟೇ ಬಾಕಿ ಇತ್ತು.

ಮಾತಿನ ಪರೀಕ್ಷೆ ಮೊನ್ನೆ ಸಂತೆಯಲ್ಲಿ. ಸೊಪ್ಪು ಮಾರುವ ಮಾಸ್ತಮ್ಮನ ಹತ್ತಿರ. ಇವಳಿಗೆ ಅವಳ ಗುರುತಿಲ್ಲ. ಪರೀಕ್ಷಕರು ಈರುಳ್ಳಿ ರಾಶಿಯ ಪಕ್ಕ ನಿಂತಿದ್ದರು, ನಾನು ಅವರ ಹಿಂದೆ.

ಮಾಸ್ತಮ್ಮ, “ಎಂತ ಬೇಕು ಮಗಾ? ಸುಮ್ನೆ ಮುಟ್ಟಿ ಮುಟ್ಟಿ ನೋಡಬೇಡ” ಎಂದಳು.

ಇವಳು, “ಬಾಡೈತಲ್ಲ ಇದು?” ಎಂದಳು.

“ನಿನ್ ಕಣ್ಣು ಬಾಡೈತೆ! ಈಗಷ್ಟೇ ಕಿತ್ಕಂಡ್ ಬಂದಿದ್ದು.”

“ಈಗ ಅಂದ್ರೆ ನಿನ್ನೆನಾ?”

ಮಾಸ್ತಮ್ಮ ಗಹಗಹಿಸಿ ನಕ್ಕಳು. ಅಷ್ಟರಲ್ಲಿ ಏನಾಯಿತೋ ಗೊತ್ತಿಲ್ಲ ಅಣ್ಣ. ಮಾರ್ತಾ ತಲೆಯೆತ್ತಿ ರಸ್ತೆ ಕಡೆ ನೋಡಿದವಳು ಹಾಗೇ ನಿಂತಳು. “ತಾವು... ಈ ಸೊಪ್ಪನ್ನು ತಾವು...” ಎಂದಳು. ಮಾಸ್ತಮ್ಮನ ನಗು ನಿಂತಿತು, ಕೈ ಸೆರಗಿಗೆ ಹೋಯಿತು. ಮುಗಿಯಿತು ಎಂದುಕೊಂಡೆ.

ಆಗ ಅವಳು ಸರಕ್ಕನೆ ತಿರುಗಿ, ರಸ್ತೆಗೆ ಬೆನ್ನು ಹಾಕಿ, ಮಾಸ್ತಮ್ಮನ ಗೋಣಿಚೀಲದ ಮೇಲೆಯೇ ಕುಕ್ಕರಿಸಿದಳು. “ಹೋಗ್ಲಿ ಬಿಡು. ನಿಮ್ಮನೇಲಿ ಹೆಂಗ್ ಮಾಡ್ತೀರಿ ಇದನ್ನ? ಬೇಳೆ ಹಾಕ್ತೀರಾ?” ಎಂದಳು. “ಬೇಳೆ ಯಾಕೆ ಹಾಕ್ತಾರೆ ಇದಕ್ಕೆ, ತಲೆ ನೆಟ್ಟಗಿಲ್ವಾ ನಿಂಗೆ?” ಎಂದು ಮಾಸ್ತಮ್ಮ ಶುರು ಮಾಡಿದಳು ನೋಡು. ಮಂಡಿನೋವು, ಅಳಿಯನ ಸೋಮಾರಿತನ, ಎಲ್ಲಾ ಬಂತು. ಹದಿನೈದು ನಿಮಿಷ ಎಂದದ್ದು ಮುಕ್ಕಾಲು ಗಂಟೆಯಾದರೂ ಪರೀಕ್ಷಕರಿಗೆ ನಿಲ್ಲಿಸಲು ಮನಸ್ಸಾಗಲಿಲ್ಲ.

ನಡುವೆ ಯಾಕೆ ತಡವರಿಸಿದೆ ಎಂದು ಮನೆಗೆ ಬಂದ ಮೇಲೆ ಕೇಳಿದೆ. “ಬಿಸಿಲು ಕಣ್ಣಿಗೆ ಹೊಡೀತು” ಎಂದಳು. ಇರಬಹುದು, ಆ ಕಡೆಯಿಂದ ಬಿಸಿಲಿತ್ತು.

ಬರಹಕ್ಕೆ ನಲವತ್ತೈದು, ಮೂರು ಇಳಿದಿದೆ. ಈಗ ಬರೆಯುವಾಗಲೂ ಮಾಸ್ತಮ್ಮ ನುಗ್ಗುತ್ತಾಳೆ. ಮಾತಿಗೆ ಮೂವತ್ತನಾಲ್ಕು. ಒಟ್ಟು ಎಪ್ಪತ್ತೊಂಬತ್ತು, ಹನ್ನೆರಡು ಏರಿದೆ. ಎರಡನೇ ವರ್ಷ ಸಿಕ್ಕಿತು ಅಣ್ಣ!

ಇನಮ್ಮನಿಗೂ ಸಿಕ್ಕಿದೆ. ಆದರೆ ಅವಳ ಬರಹ ನೋಡಿದರೆ ಅಳು ಬರುತ್ತದೆ. ಅವಳು ಹೇಗೆ ಹೇಳಿದರೂ ನಮಗೆ ತಿಳಿಯುತ್ತದಲ್ಲ ಎಂದು ಎರಡು ತಿಂಗಳಿಂದ ನಾವು ತಿದ್ದುವುದನ್ನೇ ಬಿಟ್ಟಿದ್ದೇವೆ. ಇದಕ್ಕೆ ಏನು ಮಾಡುವುದೆಂದು ಯತೀಶ ಮೇಷ್ಟ್ರೂ ನಾನೂ ತಲೆ ಕೆರೆದುಕೊಳ್ಳುತ್ತಿದ್ದೇವೆ.

ಮಾರ್ತಾ ಮುಂದಿನ ವರ್ಷವೂ ಇಲ್ಲಿಯೇ ಇರುತ್ತಾಳೆ. ಇದನ್ನು ಹೇಗೆ ಬರೆಯಲಿ ಎಂದು ತುಂಬಾ ಯೋಚಿಸಿದೆ. ಕೊನೆಗೆ ಹೀಗೇ ಬರೆದೆ.

ನಿರ್ಮಲಾ


ಶಿಕಾರಿಪುರ
೩ ಡಿಸೆಂಬರ್ ೨೦೨೫

ನಿರ್ಮಲಾ,

ಬಿಸಿಲಲ್ಲ. ನಾನು.

ಶಿರಾಳಕೊಪ್ಪಕ್ಕೆ ಬೀಜದ ಡೀಲರನ್ನು ನೋಡಲು ಹೋಗುತ್ತೇನೆಂದು ನಿಮ್ಮತ್ತಿಗೆಗೆ ಹೇಳಿ ಹೊರಟವನು ಶಿರಾಳಕೊಪ್ಪದಲ್ಲಿ ಇಳಿಯಲೇ ಇಲ್ಲ. ಸೊರಬದ ಸಂತೆಯಲ್ಲಿ, ಕಬ್ಬಿನ ಹಾಲಿನ ಗಾಡಿಯ ಪಕ್ಕ, ತಲೆಗೆ ಟವೆಲ್ ಸುತ್ತಿಕೊಂಡು ನಿಂತಿದ್ದೆ. ದೂರದಿಂದ ನೋಡಿ ಹೋಗಿಬಿಡುತ್ತೇನೆ ಎಂದುಕೊಂಡಿದ್ದೆ. ಆದರೆ ಅವಳು ಮಾಸ್ತಮ್ಮನಿಗೆ ತಿರುಗಿ ಹೇಳಿದ ಆ “ನಿನ್ನೆನಾ” ಮಾತಿಗೆ ನನಗರಿವಿಲ್ಲದೆ “ಭಲೇ!” ಎಂದುಬಿಟ್ಟೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ಸಂತೆಯ ಗದ್ದಲದಲ್ಲಿ ನಿನಗೆ ಕೇಳಿಸಲಿಲ್ಲ, ಅವಳಿಗೆ ಕೇಳಿಸಿತು.

ತಲೆಯೆತ್ತಿ ನೋಡಿದಳು. ನನ್ನ ಕೈ ತಾನಾಗಿಯೇ ಮೇಲೆದ್ದಿತ್ತು, ಜಗಲಿಯ ಮೇಲೆ ಮಾತು ಶುರುಮಾಡುವಾಗ ಎತ್ತುವ ಹಾಗೆ. ಆ ಕೈ ನೋಡಿಯೇ ಅವಳ ಬಾಯಿಂದ “ತಾವು” ಬಂದದ್ದು. ನಾನೇ ಮತ್ತೆ ಅವಳ ವರ್ಷ ಕಿತ್ತುಕೊಳ್ಳಲು ಎಂಟೂವರೆ ಗಂಟೆಯ ಬಸ್ಸು ಹತ್ತಿ ಬಂದೆನೇ ಎನ್ನಿಸಿತು. ಕೈ ಇಳಿಸಲೂ ಆಗಲಿಲ್ಲ.

ಅಷ್ಟರಲ್ಲಿ ಬೆನ್ನು ತಿರುಗಿಸಿದಳು.

ನೋಡುವವರ ಕಡೆ ಬೆನ್ನು ಹಾಕಬಾರದು ಎಂದು ಎಷ್ಟು ಜನ ಹೊಸ ನಟರಿಗೆ ನಾನು ಬೈದಿದ್ದೇನೋ ಲೆಕ್ಕವಿಲ್ಲ. ಕೆಲವರನ್ನು ಪಾತ್ರದಿಂದಲೇ ತೆಗೆದಿದ್ದೇನೆ. ಅವತ್ತು ಹಸಿರು ದುಪಟ್ಟಾ ಹೊದ್ದ ಒಂದು ಬೆನ್ನನ್ನು ಮುಕ್ಕಾಲು ಗಂಟೆ ನೋಡುತ್ತ ನಿಂತೆ. ಒಂದು ಸಲವೂ ತಿರುಗಲಿಲ್ಲ ಅವಳು. ಕಬ್ಬಿನ ಹಾಲಿನವನು, “ಇನ್ನೊಂದು ಲೋಟ ಕೊಡ್ಲಾ ಅಜ್ಜಾರೆ?” ಎಂದು ಮೂರು ಸಲ ಕೇಳಿದ. ಮೂರು ಸಲವೂ ತಲೆಯಾಡಿಸಿದೆ, ಬಾಯಿ ತೆಗೆಯಲಿಲ್ಲ. ತೆಗೆದರೆ ಅವಳಿಗೆ ಕೇಳಿಸೀತೆಂದು.

ನನ್ನನ್ನು ನೋಡಿದ್ದನ್ನು ಅವಳು ನಿನಗೆ ಹೇಳಿಲ್ಲ. ನೀನೂ ಕೇಳಬೇಡ. ಬಿಸಿಲು ಎಂದೇ ಇರಲಿ.

ಮಾಸ್ತಮ್ಮನ ಕೈಯಲ್ಲಿ ಎಷ್ಟು ಚೆನ್ನಾಗಿ ಬೈಸಿಕೊಳ್ಳುತ್ತಿದ್ದಳು, ನಿರ್ಮಲಾ!

ಅಣ್ಣ